ಯಾರೂ ಕದಿಯದ ಪತ್ರಿಕೆಗಳು

ಚಂದಾ ಕಟ್ಟಿ ತರಿಸಲು ಒಳ್ಳೆಯ ಪತ್ರಿಕೆ ಯಾವುದು ಅಂತ ನಾಲ್ಕು ಜನರಿರುವ ಕಡೆ ಕೇಳಿ ನೋಡಿ. ಐದು ಪಟ್ಟಿ ಸಿಗುತ್ತವೆ. ಐದರಲ್ಲೂ ಅವೇ ಹೆಸರು. ಮೊದಲು ದಿ ಎಕನಾಮಿಸ್ಟ್. ಆಮೇಲೆ ದಿ ನ್ಯೂಯಾರ್ಕರ್. ವಿಜ್ಞಾನಕ್ಕೂ ಒಂದಿರಲಿ ಅಂತ ನೇಚರ್. ಮಕ್ಕಳಿಗೂ ಆಗುತ್ತೆ ಅಂತ ನ್ಯಾಷನಲ್ ಜಿಯೊಗ್ರಾಫಿಕ್. ತಮ್ಮ ಮನೆಮಾತಿನ ಪತ್ರಿಕೆಯ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದನ್ನು ನಿಜವಾಗಲೂ ಓದುತ್ತಾರಲ್ಲ, ಅದಕ್ಕೇ ಇರಬೇಕು.

ಪಟ್ಟಿಯ ಹಿಂದೆಯೇ "ಒಂದು ಸಂಚಿಕೇನೂ ಬಿಡಲ್ಲ" ಅನ್ನುವ ಮಾತು ಬರುತ್ತದೆ. ಬರಲಿ. ಆಗ ಒಂದೇ ಒಂದು ಪ್ರಶ್ನೆ ಕೇಳಬೇಕು. ಹೋದ ವಾರ ಏನಿತ್ತು?

"ತುಂಬಾ ಒಳ್ಳೆ ವಿಶ್ಲೇಷಣೆ ಇತ್ತು."

ಯಾವುದರ ಬಗ್ಗೆ?

"ಅದೇ, ಈಗಿನ ಪರಿಸ್ಥಿತಿ ಬಗ್ಗೆ."

ಯಾರು ಬರೆದಿದ್ದು?

ಈ ಹಂತದಲ್ಲಿ ಎಕನಾಮಿಸ್ಟ್ ಹೇಳಿದವರು ಬಚಾವ್. 1843ರಲ್ಲಿ ಶುರುವಾದ ಆ ವಾರಪತ್ರಿಕೆ ಲೇಖನಗಳಿಗೆ ಬರೆದವರ ಹೆಸರೇ ಹಾಕುವುದಿಲ್ಲ. ಓದದೆ ಶಿಫಾರಸು ಮಾಡುವವರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಪತ್ರಿಕೆ ಇನ್ನೊಂದಿರಲಿಕ್ಕಿಲ್ಲ. ನ್ಯೂಯಾರ್ಕರ್ ಹೇಳಿದವರಿಗೆ ಆ ಸೌಲಭ್ಯ ಇಲ್ಲ. ಅವರು "ಕಾರ್ಟೂನ್ ಚೆನ್ನಾಗಿರುತ್ತೆ" ಎನ್ನುತ್ತಾರೆ. ಅಷ್ಟನ್ನು ನಂಬಬಹುದು. ನೇಚರ್‌ನವರು ನೇರವಾಗಿ ಇತಿಹಾಸಕ್ಕೆ ಜಿಗಿಯುತ್ತಾರೆ. ಡಿಎನ್ಎ ರಚನೆ ಹೇಗಿದೆ ಅಂತ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಬರೆದಿದ್ದು ಇದರಲ್ಲೇ, ಗೊತ್ತಾ? ಗೊತ್ತು. ಆ ಪ್ರಬಂಧ ಒಂದು ಪುಟಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅದನ್ನಾದರೂ ಓದಿದ್ದೀರಾ ಅಂತ ಕೇಳಿದರೆ ಸ್ನೇಹ ಉಳಿಯುವುದಿಲ್ಲ.

ಪತ್ರಿಕೆಗಳ ಮೇಲೆ ನನಗೇನೂ ಸಿಟ್ಟಿಲ್ಲ. 1946ರ ಆಗಸ್ಟ್ 31ರ ನ್ಯೂಯಾರ್ಕರ್ ಇಡೀ ಸಂಚಿಕೆಯನ್ನು ಒಂದೇ ಬರಹಕ್ಕೆ ಬಿಟ್ಟುಕೊಟ್ಟಿತ್ತು. ಹಿರೋಶಿಮಾದಲ್ಲಿ ಬದುಕಿ ಉಳಿದ ಆರು ಜನರ ಬಗ್ಗೆ ಜಾನ್ ಹರ್ಸಿ ಬರೆದ ವರದಿ ಅದು. ಇವತ್ತು ಓದಿದರೂ ಕೈ ನಡುಗುತ್ತದೆ. ಇಂಥ ಪತ್ರಿಕೆಯನ್ನು ಪ್ಯಾಕೆಟ್ಟು ಒಡೆಯದೆ ಟೀಪಾಯಿಯ ಮೇಲೆ, ಬಂದವರಿಗೆ ಹೆಸರು ಕಾಣುವ ಹಾಗೆ ಓರೆಯಾಗಿ ಇಡುತ್ತಾರಲ್ಲ, ನನ್ನ ಜಗಳ ಇರುವುದು ಅವರ ಜೊತೆ.

ಹಾಗಾದರೆ ಜನ ನಿಜವಾಗಿ ಏನು ಓದುತ್ತಾರೆ? ಬಾಯಿ ಹೇಳಿದ್ದನ್ನು ಬಿಟ್ಟು ಕೈ ಏನು ಮಾಡುತ್ತದೆ ಅಂತ ನೋಡಬೇಕು. ಈ ಕೆಲಸ ಈಗಾಗಲೇ ಆಗಿದೆ. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ ಪ್ರತಿ ವರ್ಷ ಕ್ರಿಸ್‌ಮಸ್ ಹೊತ್ತಿಗೆ ತಮಾಷೆ ವಿಷಯಗಳ ಮೇಲಿನ ಗಂಭೀರ ಸಂಶೋಧನೆಗಳನ್ನು ಪ್ರಕಟಿಸುತ್ತದೆ. 2014ರ ಡಿಸೆಂಬರಿನಲ್ಲಿ ಬಂದ ಒಂದು ಸಂಶೋಧನೆ ನ್ಯೂಜಿಲೆಂಡಿನ ಆಕ್ಲೆಂಡಿನದು. ಡಾಕ್ಟರ ಬಳಿ ಕಾಯುವ ಕೋಣೆಯಲ್ಲಿ ಬರೀ ಹಳೇ ಪತ್ರಿಕೆಗಳೇ ಯಾಕಿರುತ್ತವೆ ಅನ್ನುವುದು ಸಂಶೋಧಕರ ಪ್ರಶ್ನೆ. ಹೊಸವು, ಹಳೆಯವು ಬೆರೆಸಿ 87 ಪತ್ರಿಕೆಗಳನ್ನು ಅಲ್ಲಿಟ್ಟರು. ಪ್ರತಿಯೊಂದಕ್ಕೂ ಗುರುತು ಹಾಕಿದ್ದರು. ಮುಖಪುಟದಲ್ಲಿ ಐದು ಅಥವಾ ಅದಕ್ಕಿಂತ ಜಾಸ್ತಿ ತಾರೆಯರ ಫೋಟೋ ಇದ್ದರೆ ಅದು ಗಾಸಿಪ್ ಪತ್ರಿಕೆ ಅಂತ ಲೆಕ್ಕ. ಸಂಶೋಧನೆ ಅಂದಮೇಲೆ ವ್ಯಾಖ್ಯೆ ಬೇಕಲ್ವಾ.

31 ದಿನ ಕಳೆದು ಎಣಿಸಿದರು. ಸುಮಾರು ಅರ್ಧದಷ್ಟು ಪತ್ರಿಕೆಗಳು ಮಾಯ. ಗಾಸಿಪ್ಪಿನವು 27 ಇದ್ದವು, 26 ಮಾಯ. ಉಳಿದ ಒಂದರ ಮೇಲೆ ಬಹುಶಃ ಯಾರೋ ಕೂತಿದ್ದರು. ಇನ್ನು ಟೈಮ್ ಮತ್ತು ಎಕನಾಮಿಸ್ಟ್ ಸೇರಿ 19 ಇದ್ದವು. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಇಟ್ಟಲ್ಲೇ ಇದ್ದವು. ಒಂದನ್ನೂ ಯಾರೂ ಎತ್ತಿಕೊಂಡು ಹೋಗಿರಲಿಲ್ಲ. ಪುಕ್ಕಟೆ ಸಿಕ್ಕರೂ, ಕೇಳುವವರು ಯಾರೂ ಇಲ್ಲದಿದ್ದರೂ!

ಗಾಸಿಪ್ ಓದುವವರನ್ನು ನೋಡಿ ನಗಬೇಡಿ. ಅವರಿಗೆ ಆ ಪತ್ರಿಕೆಯ ಮೇಲೆ ಕದಿಯುವಷ್ಟು ಪ್ರೀತಿ ಇತ್ತು. ಅರ್ಧ ಓದಿದ್ದನ್ನು ಬಿಟ್ಟು ಹೋಗಲು ಮನಸ್ಸಾಗದೆ ಬ್ಯಾಗಿಗೆ ಇಳಿಸಿಕೊಂಡಿದ್ದಾರೆ. ಇದಕ್ಕಿಂತ ಪ್ರಾಮಾಣಿಕ ಶಿಫಾರಸು ಬೇಕಾ? ನನ್ನನ್ನು ಕೇಳಿದರೆ ಪ್ರಸಾರ ಸಂಖ್ಯೆ, ಪ್ರಶಸ್ತಿ, ಗಣ್ಯರ ಪಟ್ಟಿ ಎಲ್ಲವನ್ನೂ ಬದಿಗಿಟ್ಟು ಪ್ರತಿ ಪತ್ರಿಕೆಯ ಮುಖಪುಟದಲ್ಲಿ ಅದರ ಕಳವಿನ ಸಂಖ್ಯೆ ಹಾಕಿಸಬೇಕು. ಆಗ ಸಂಪಾದಕರಿಗೂ ಸ್ವಲ್ಪ ಭಯ ಹುಟ್ಟುತ್ತದೆ.

"ನಾನು ಲೇಖನಗಳಿಗೋಸ್ಕರ ಓದೋದು" ಅನ್ನುವುದು ಬೆತ್ತಲೆ ಚಿತ್ರಗಳಿಗೆ ಹೆಸರಾದ ಪ್ಲೇಬಾಯ್ ಪತ್ರಿಕೆಯ ಓದುಗರ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಹಳೇ ಜೋಕು. ಆದರೆ ಹಾಗಂತ ಪ್ರಮಾಣ ಮಾಡಿ ಹೇಳಬಹುದಾದ ಒಂದು ಗುಂಪು ನಿಜವಾಗಲೂ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1970ರಲ್ಲಿ ಆ ಪತ್ರಿಕೆಯನ್ನು ಕಣ್ಣು ಕಾಣದವರು ಬೆರಳಲ್ಲಿ ಮುಟ್ಟಿ ಓದುವ ಬ್ರೈಲ್‌ನಲ್ಲಿ ತರಲು ಶುರು ಮಾಡಿತು. ಚಿತ್ರ ಇಲ್ಲ, ಬರೀ ಬರಹ. 1985ರಲ್ಲಿ ಅಲ್ಲಿನ ಸಂಸತ್ತು ಇದಕ್ಕೆ ದುಡ್ಡು ಕೊಡಲ್ಲ ಅಂತ ಕಡಿತ ಮಾಡಿತು. ಓದುವವರು ಸುಮ್ನೆ ಕೂರಲಿಲ್ಲ, ಕೋರ್ಟಿಗೆ ಹೋದರು. ಮರುವರ್ಷ ಗೆದ್ದರು. ನೋಡಿ, ಲೇಖನಗಳನ್ನು ನಿಜವಾಗಿ ಓದುತ್ತಿದ್ದವರ ಪತ್ರಿಕೆಗೇ ಕತ್ತರಿ ಬಿದ್ದಿದ್ದು.

ಓದದೆ ಕೂಡಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉತ್ತರ ಇದೆ. ನ್ಯಾಷನಲ್ ಜಿಯೊಗ್ರಾಫಿಕ್ ಹೊರಬರುತ್ತಿರುವುದು 1888ರಿಂದ. ಅದನ್ನು ಯಾರೂ ಬಿಸಾಡುವುದಿಲ್ಲ. ಈ ಭಾರಕ್ಕೆ ಅಮೆರಿಕ ಖಂಡವೇ ಕುಸಿದು ಮುಳುಗುತ್ತದೆ ಅಂತ 1970ರ ದಶಕದಲ್ಲಿ ವಿಜ್ಞಾನಿಗಳ ಹಾಸ್ಯ ಪತ್ರಿಕೆಯೊಂದು ಲೇಖನ ಬರೆದಿತ್ತು. ಖಂಡ ಇನ್ನೂ ಮುಳುಗಿಲ್ಲ. ಅಟ್ಟಗಳು ಬಗ್ಗಿವೆ.

ಇಷ್ಟಾದರೂ ಚಂದಾ ಯಾಕೆ ಬಿಡುವುದಿಲ್ಲ? ಬಿಡಲು ಆಗುವುದಿಲ್ಲ, ಅದಕ್ಕೆ. ಸೇರಲು ಒಂದು ಬಟನ್ ಒತ್ತಿದರೆ ಸಾಕು. ಬಿಡಬೇಕೆಂದರೆ ಫೋನ್ ಮಾಡಬೇಕು, ಅದೂ ಅವರ ಆಫೀಸಿನ ಹೊತ್ತಿನಲ್ಲಿ. ನೀವು ಮರೆತರೆ ಅದು ತಾನಾಗಿಯೇ ನವೀಕರಣ ಆಗುತ್ತದೆ. ಸೇರಿದಷ್ಟೇ ಸುಲಭವಾಗಿ ಬಿಡುವಂತಿರಬೇಕು ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರಿನಲ್ಲಿ ಒಂದು ನಿಯಮ ತಂದಿತು. ಅದು ಪೂರ್ತಿ ಜಾರಿಗೆ ಬರಲು ಇನ್ನೇನು ಕೆಲವೇ ದಿನ ಇದ್ದಾಗ, 2025ರ ಜುಲೈನಲ್ಲಿ, ನಿಯಮ ತಂದ ವಿಧಾನವೇ ಸರಿಯಿಲ್ಲ ಅಂತ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಚಂದಾ ವ್ಯವಹಾರದಲ್ಲಿ ಇಷ್ಟು ಸಲೀಸಾಗಿ ರದ್ದಾಗಿದ್ದು ಆ ನಿಯಮ ಒಂದೇ.

ಹಾಗಾಗಿ ನಮ್ಮ ಚಂದಾದಾರರು ಒಂದು ದಿನ ಗಟ್ಟಿ ಮನಸ್ಸು ಮಾಡಿ ಫೋನ್ ಹಚ್ಚುತ್ತಾರೆ. "ನಿಮ್ಮ ಕರೆ ನಮಗೆ ಮುಖ್ಯ" ಎಂಬ ದನಿ. ಆಮೇಲೆ ಸಂಗೀತ. ಚಂದಾ ಸಂಖ್ಯೆ ಕೇಳುತ್ತಾರಲ್ಲ, ಅದು ಪ್ಯಾಕೆಟ್ಟಿನ ವಿಳಾಸದ ಚೀಟಿಯ ಮೇಲಿರುತ್ತದೆ. ಹಳೇ ರಾಶಿಯಿಂದ ಒಂದನ್ನು ಎಳೆದು, ಧೂಳು ಒರೆಸಿ, ಸಂಖ್ಯೆ ಹುಡುಕುತ್ತಾರೆ. ಸಂಗೀತ ನಿಂತಿಲ್ಲ. ಕೈ ಖಾಲಿ ಇದೆಯಲ್ಲ ಅಂತ ಪ್ಯಾಕೆಟ್ ಹರಿಯುತ್ತಾರೆ. ಒಂದು ಪುಟ ಓದುತ್ತಾರೆ. ಚೆನ್ನಾಗಿದೆ! ಇನ್ನೊಂದು ಪುಟ. ಕಾಲು ಚಾಚಿ ಕೂರುತ್ತಾರೆ. ಅರ್ಧ ಸಂಚಿಕೆ ಮುಗಿಯುವ ಹೊತ್ತಿಗೆ ಆ ಕಡೆಯಿಂದ ಯಾರೋ ಬಂದು, ಸಾರ್, ಚಂದಾ ಯಾಕೆ ಬಿಡ್ತಿದ್ದೀರಿ ಅಂತ ವಿಚಾರಿಸುತ್ತಾರೆ.

"ಓದೋಕೆ ಟೈಮೇ ಸಿಗ್ತಿಲ್ಲ ಕಣ್ರೀ," ಎನ್ನುತ್ತಾರೆ ಇವರು, ಪುಟ ತಿರುಗಿಸುತ್ತಾ.