ರೋಲರ್ ಎತ್ತಿಕೊಳ್ಳುವ ಮೊದಲು ಉಜ್ಜಿ

ಬೆಳಿಗ್ಗೆ ನೋಡಿದ ಒಂದು ವಿಡಿಯೋದಿಂದ ಏರಿದ ಸಿಟ್ಟು ಈ ಹೊತ್ತಿಗೂ ಇಳಿದಿಲ್ಲ. ಒಂದು ಹಳೆಯ ಪಿಕಪ್ ಟ್ರಕ್. ಪೈಪ್ ಹಿಡಿದು ತೊಳೆದರು, ಬಟ್ಟೆಯಿಂದ ಒರೆಸಿದರು, ಗಾಜುಗಳಿಗೆ ಕಾಗದ ಅಂಟಿಸಿದರು. ಆಮೇಲೆ ಬೆಡ್‌ಲೈನರ್ ಎಂಬ ದಪ್ಪ, ಒರಟು ಲೇಪನದ ಡಬ್ಬಿಯ ಮುಚ್ಚಳ ತೆಗೆದು, ಇನ್ನೂ ಪಳಪಳ ಹೊಳೆಯುತ್ತಿದ್ದ ಬಾನೆಟ್ಟಿನ ಮೇಲೆ ನೇರವಾಗಿ ರೋಲರ್ ಉರುಳಿಸಿಬಿಟ್ಟರು. ಹಿಂದಿನ ಚಕ್ರದ ಕಮಾನಿನಲ್ಲಿ ಬಣ್ಣ ಗುಳ್ಳೆಯೆದ್ದು ತುಕ್ಕು ಇಣುಕುತ್ತಿತ್ತು. ರೋಲರ್ ಅದರ ಮೇಲೂ ಹಾದುಹೋಯಿತು. ಎಲ್ಲವನ್ನೂ ಇದು ಮುಚ್ಚಿಹಾಕುತ್ತದೆ ಎಂಬ ಹೆಮ್ಮೆಯ ಮಾತು ಬೇರೆ. ಕೆಳಗೆ ಮೆಚ್ಚುಗೆಗಳ ಮಳೆ. ಮೆಚ್ಚಿದವರಲ್ಲಿ ಕೆಲವರಾದರೂ ಬರುವ ರಜೆಯಲ್ಲಿ ಹೀಗೆಯೇ ಮಾಡಹೊರಡುತ್ತಾರೆ ಎಂದು ನೆನೆದರೆ ಸಂಕಟವಾಗುತ್ತದೆ.

ನಾನು ಬೆಡ್‌ಲೈನರ್ ವಿರೋಧಿಯಲ್ಲ ಎಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ನನ್ನ ಗಾಡಿಯ ಬಂಪರಿಗೂ ಬಾಗಿಲುಗಳ ಕೆಳಭಾಗಕ್ಕೂ ನಾನೇ ಬಳಿದಿದ್ದೇನೆ. ಆ ಒರಟು, ಮಂಕು ಕಪ್ಪು ನನಗೆ ನಿಜಕ್ಕೂ ಇಷ್ಟ. ಪಿಕಪ್ಪಿನ ಹಿಂಬದಿಯ ತೊಟ್ಟಿಯಲ್ಲಿ ಕಬ್ಬಿಣ, ಕಲ್ಲು, ಸಲಿಕೆ ಎಳೆದಾಡಿದರೂ ತಗಡು ಗೀಚದಿರಲಿ, ತುಕ್ಕು ಹಿಡಿಯದಿರಲಿ ಎಂದು ಹುಟ್ಟಿದ ಲೇಪನ ಇದು. ಅದನ್ನು ಗಾಡಿಯ ಹೊರಮೈಗೆ ತಂದದ್ದು ಒಳ್ಳೆಯ ಯೋಚನೆಯೇ. ಮನೆಯಲ್ಲಿ ಮಾಡುವವರಿಗಂತೂ ವರದಾನ. ಸಾಮಾನ್ಯ ಬಣ್ಣದಲ್ಲಿ ರೋಲರಿನ ಗೆರೆಯೊಂದು ಉಳಿದರೂ ದೂರದಿಂದಲೇ ಕಾಣುತ್ತದೆ. ಇದರ ಹರಳುಹರಳಾದ ಮೈಯಲ್ಲಿ ಆ ಗೆರೆ ಕರಗಿಹೋಗುತ್ತದೆ. ಸ್ಪ್ರೇ ಗನ್ ಬೇಡ, ಕಂಪ್ರೆಸರ್ ಬೇಡ.

ಆದರೆ ಮುಚ್ಚುತ್ತದೆ ಎನ್ನುವುದು ಬೇರೆ, ಹಿಡಿದುಕೊಳ್ಳುತ್ತದೆ ಎನ್ನುವುದು ಬೇರೆ. ನನ್ನ ಜಗಳವೆಲ್ಲ ಇಲ್ಲಿಯೇ ಇರುವುದು.

ಪರಿಚಯದವರೊಬ್ಬರ ಟ್ರಕ್ಕನ್ನು ಕಳೆದ ವಾರ ನೋಡಿದೆ. ಬಳಿದು ಇನ್ನೂ ಒಂದು ಮಳೆಗಾಲವಷ್ಟೇ ಕಳೆದಿತ್ತು. ಬಾಗಿಲಿನ ಅಂಚಿನಲ್ಲಿ ಲೇಪನ ಸ್ವಲ್ಪ ಎದ್ದಿತ್ತು. ಅದರ ಅಡಿಗೆ ಉಗುರು ತೂರಿಸಿ ಮೆಲ್ಲಗೆ ಎಳೆದೆ, ಅಷ್ಟೇ. ಹಾವಿನ ಪೊರೆಯಂತೆ ಅಂಗೈಯಗಲದ ಹಾಳೆ ಇಡಿಯಾಗಿ ಕೈಗೆ ಬಂತು. ಅದನ್ನು ಮಗುಚಿ ನೋಡಿದೆ. ಹೊರಮೈ ಮರಳಿನಷ್ಟು ಒರಟು, ಒಳಮೈ ಗಾಜಿನಷ್ಟು ನುಣುಪು. ಆ ನುಣುಪೇ ಸಾಕ್ಷಿ: ಅಡಿಯ ಬಣ್ಣವನ್ನು ಯಾರೂ ಉಜ್ಜಿಯೇ ಇರಲಿಲ್ಲ. ಬಾಗಿಲಿನಲ್ಲಿ ಹಳೆಯ ಬಣ್ಣ ಮೊದಲಿನಂತೆಯೇ ಹೊಳೆಯುತ್ತಿತ್ತು. ಇನ್ನಷ್ಟು ಕೆಳಗೆ, ತುಕ್ಕಿನ ಮೇಲೆಯೇ ಬಳಿದಿದ್ದ ಕಡೆ, ಒತ್ತಿದರೆ ಲೇಪನ ತಗ್ಗುತ್ತಿತ್ತು. ಅಂಚಿನಿಂದ ಕಂದು ನೀರು ಜಿನುಗಿತು. ಲೇಪನ ಚೆನ್ನಾಗಿಯೇ ಇತ್ತು, ಅದರ ಹಿಂದಿನ ತಗಡು ಹೋಗಿತ್ತು.

ಇದರಲ್ಲಿ ಮಾಯವೇನೂ ಇಲ್ಲ. ಕಾರ್ಖಾನೆಯ ಬಣ್ಣದ ಮೇಲ್ಪದರವಾದ ಕ್ಲಿಯರ್ ಕೋಟ್ ಗಟ್ಟಿ, ನುಣುಪು. ಹೊಳಪು ಕೊಡಲು, ಅಡಿಯ ಬಣ್ಣವನ್ನು ಕಾಯಲು ಅದನ್ನು ಹಾಗೆ ಮಾಡಿರುತ್ತಾರೆ. ಕೊಳೆಯೂ ಅದಕ್ಕೆ ಸುಲಭವಾಗಿ ಅಂಟುವುದಿಲ್ಲ. ಕೊಳೆ ಅಂಟದ ಮೈಗೆ ಲೇಪನ ಎಲ್ಲಿಂದ ಅಂಟಬೇಕು? ಅದರ ಮೇಲೆ ವರ್ಷಗಟ್ಟಲೆ ತಿಕ್ಕಿದ ವ್ಯಾಕ್ಸ್, ಪಾಲಿಶ್, ಸಿಲಿಕೋನ್. ಆದ್ದರಿಂದ ಮೊದಲು ಜಿಡ್ಡು ತೆಗೆಯುವ ದ್ರಾವಣದಿಂದ ತೊಳೆಯಬೇಕು. ಉಜ್ಜುವುದು ಆಮೇಲೆ. ಜಿಡ್ಡಿರುವಾಗಲೇ ಉಜ್ಜಿದರೆ ಆ ಜಿಡ್ಡನ್ನು ಗೀರುಗಳೊಳಗೆ ನಾವೇ ತುಂಬಿದ ಹಾಗೆ. ಉಜ್ಜಲು 180ರ ಆಸುಪಾಸಿನ ಗ್ರಿಟ್ (ಒರಟುತನದ ಅಂಕ) ಇರುವ ಸ್ಯಾಂಡ್‌ಪೇಪರ್ ಅಥವಾ ಕೆಂಪು ಸ್ಕಚ್-ಬ್ರೈಟ್ ಉಜ್ಜುವ ಪ್ಯಾಡ್ ಸಾಕು. ಡಬ್ಬಿಯ ಮೇಲೆ ಇನ್ನೂ ಒರಟಾದದ್ದನ್ನು ಹೇಳಿದ್ದರೆ ಅದನ್ನೇ ಬಳಸಿ. ಇಡೀ ಗಾಡಿಯಲ್ಲಿ ಎಲ್ಲಿಯೂ ಹೊಳಪಿನ ಒಂದು ಚುಕ್ಕೆಯೂ ಉಳಿಯಬಾರದು. ಬಾಗಿಲ ಹಿಡಿಕೆಯ ಹಿಂದೆ, ಮಡಿಕೆಗಳ ಒಳಗೆ, ಛಾವಣಿಯ ಅಂಚಿನ ಕಾಲುವೆಯಲ್ಲಿ ಕೂಡ. ಲೇಪನ ಮೊದಲು ಏಳುವುದು ಅಂಥ ಮೂಲೆಗಳಲ್ಲಿಯೇ.

ತುಕ್ಕಿನ ಮಾತು ಇನ್ನೂ ಕಟು. ಅದನ್ನು ವೈರ್ ಬ್ರಷ್ಷಿನಿಂದಲೋ ಗ್ರೈಂಡರಿನಿಂದಲೋ ಹೊಳೆಯುವ ಲೋಹ ಕಾಣುವವರೆಗೆ ತೆಗೆದು, ಲೋಹಕ್ಕೆ ಬಿಗಿಯಾಗಿ ಅಂಟುವ ಎಪಾಕ್ಸಿ ಪ್ರೈಮರ್ ಹೊಡೆದು, ಆಮೇಲೆ ಬಳಿಯಬೇಕು. ತೂತು ಬಿದ್ದಿದ್ದರೆ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು. ಬೇರೆ ದಾರಿಯಿಲ್ಲ. ತುಕ್ಕಿಗೆ ಬೇಕಾದದ್ದು ನೀರು ಮತ್ತು ಗಾಳಿ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಎರಡೂ ಒಳಗೆ ಹೋಗುತ್ತವೆ. ದಪ್ಪ ಲೇಪನದ ಅಡಿಯಲ್ಲಿ ಹೊಕ್ಕ ನೀರು ಬೇಗ ಆರುವುದೂ ಇಲ್ಲ. ಸುಮ್ಮನೆ ಬಿಟ್ಟಿದ್ದರೆ ಕಣ್ಣಿಗೆ ಕಾಣುತ್ತಿದ್ದ ತುಕ್ಕನ್ನು ಕಾಣದ ಜಾಗಕ್ಕೆ ಕಳಿಸಿದ್ದಷ್ಟೇ ಈ ವಿಡಿಯೋದವರ ಸಾಧನೆ. ಗಾಡಿ ಮಾರುವ ಮೊದಲು ಹೀಗೆ ಬಳಿಯುವವರೂ ಇದ್ದಾರೆ. ಅದು ಕೊಳ್ಳುವವನಿಗೆ ಮಾಡುವ ಮೋಸ. ಅದಕ್ಕಿಂತ ಮೆತ್ತಗಿನ ಪದ ನನ್ನಲ್ಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ದುಡಿಯುವ ಗಾಡಿಗೆ ಇಷ್ಟೆಲ್ಲ ಉಪಚಾರ ಯಾಕೆ, ಅದೇನು ಪ್ರದರ್ಶನಕ್ಕೆ ಹೋಗುತ್ತದೆಯೇ, ಪೇಂಟರಿಗೆ ಕೊಡುವಷ್ಟು ಹಣ ಇಲ್ಲದ್ದಕ್ಕೇ ಅಲ್ಲವೇ ರೋಲರ್ ಹಿಡಿದದ್ದು ಎಂದು. ಹಣದ ಮಾತು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪುವುದಿಲ್ಲ. ಮುಳ್ಳುಕಂಟಿ ತರಚುವುದು, ಚಕ್ರದಿಂದ ಜಲ್ಲಿ ಸಿಡಿಯುವುದು ದುಡಿಯುವ ಗಾಡಿಗೇ. ಹಿಡಿತವಿಲ್ಲದ ಲೇಪನ ಮೊದಲ ಕಲ್ಲಿಗೇ ಏಳುತ್ತದೆ. ಉಜ್ಜುವುದಕ್ಕೆ ಬೇಕಾದದ್ದು ಹಣವಲ್ಲ, ತೋಳು. ತಪ್ಪಾಗಿ ಬಳಿದದ್ದನ್ನು ತೆಗೆಯುವುದಕ್ಕೆ ಮಾತ್ರ ಹಣವೂ ಬೇಕು, ತೋಳೂ ಬೇಕು. ಅಲ್ಲಲ್ಲಿ ಎದ್ದು, ಉಳಿದ ಕಡೆ ಗಟ್ಟಿಯಾಗಿ ಹಿಡಿದ ಪಾಲಿಯುರೆಥೇನ್ (ಈ ಲೇಪನ ಆಗಿರುವ ಪ್ಲಾಸ್ಟಿಕ್), ಪೇಂಟ್ ರಿಮೂವರಿಗೆ ಸುಲಭವಾಗಿ ಜಗ್ಗುವುದಿಲ್ಲ. ಹೀಟ್ ಗನ್ ಹಿಡಿದು ಬಿಸಿ ಮಾಡಿ ಕೆರೆಯಬೇಕು, ಇಲ್ಲವೇ ಗ್ರೈಂಡರ್ ಹಾಕಬೇಕು. ಈ ಕೆಲಸ ಎಂದರೆ ಪೇಂಟರುಗಳು ಮುಖ ತಿರುಗಿಸುವುದನ್ನು ನಾನೇ ಕಂಡಿದ್ದೇನೆ.

ಡಬ್ಬಿಯನ್ನು ಓದದವರ ಬಗ್ಗೆಯೂ ಒಂದು ಮಾತು. ತೊಟ್ಟಿಯ ಒಳಗೆಂದೇ ಮಾಡಿದ ಎಲ್ಲ ಲೇಪನಗಳೂ ಛಾವಣಿಗೆ, ಬಾನೆಟ್ಟಿಗೆ ಒಗ್ಗುವುದಿಲ್ಲ. ಆರೋಮ್ಯಾಟಿಕ್ ಬಗೆಯ ಪಾಲಿಯುರೆಥೇನ್ ಬಿಸಿಲಿನ ನೇರಳಾತೀತ ಕಿರಣಕ್ಕೆ ಬಣ್ಣ ಕಳೆದುಕೊಂಡು ಸುಣ್ಣದಂಥ ಪುಡಿ ಬಿಡುತ್ತದೆ. ಹೊರಮೈಗೆ ಬೇಕಾದದ್ದು ಆಲಿಫ್ಯಾಟಿಕ್ ಬಗೆ, ಅಥವಾ ಬಿಸಿಲು ತಡೆಯುವ ಮೇಲ್ಪದರ. ಹರ್ಕ್ಯುಲೈನರ್‌ನಂಥ ಒಂದೇ ಡಬ್ಬಿಯ ಲೇಪನ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಅದರ ರಬ್ಬರ್ ಹರಳುಗಳು ತಳಕ್ಕಿಳಿಯುತ್ತವೆ, ಆದ್ದರಿಂದ ಬಳಿಯುವಾಗ ಆಗಾಗ ತಿರುವುತ್ತಲೇ ಇರಬೇಕು. ರಾಪ್ಟರ್‌ನಂಥ ಎರಡು ಭಾಗದ ಲೇಪನದಲ್ಲಿ ಮೂರು ಪಾಲು ಮೂಲದ್ರವಕ್ಕೆ ಒಂದು ಪಾಲು ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸಬೇಕು. ಬೆರೆಸಿದ ಮೇಲೆ ಅದು ನಿಮಗಾಗಿ ಕಾಯುವುದಿಲ್ಲ.

ಒಮ್ಮೆಗೇ ದಪ್ಪವಾಗಿ ಮೆತ್ತುವುದು ಆ ವಿಡಿಯೋದ ಇನ್ನೊಂದು ಪಾಠ. ಬೇಡ. ಲೇಪನವನ್ನು ಗಟ್ಟಿಯಾಗಿಸುವ ಐಸೊಸೈನೇಟ್ ಎಂಬ ರಾಸಾಯನಿಕ ನೀರಿನೊಂದಿಗೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ದಪ್ಪ ಪದರದಲ್ಲಿ ಅದು ಹೊರಬರಲಾರದೆ ಗುಳ್ಳೆಯಾಗುತ್ತದೆ. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ಕಂಡುಹಿಡಿದರಲ್ಲ, ಅದನ್ನು ಫೋಮ್ ಆಗಿ ಉಬ್ಬಿಸುವುದು ಇದೇ ಕ್ರಿಯೆ. ಹಾಸಿಗೆಯಲ್ಲಿ ಆ ಗುಳ್ಳೆಗಳು ಬೇಕು, ಬಾಗಿಲಿನ ಮೇಲೆ ಬೇಡ. ಒಂದು ತೆಳು ಕೈ (ಪದರ) ಅಡ್ಡಡ್ಡ, ಅದು ಡಬ್ಬಿ ಹೇಳಿದಷ್ಟು ಹೊತ್ತು ಆರಿದ ಮೇಲೆ ಇನ್ನೊಂದು ತೆಳು ಕೈ ಉದ್ದುದ್ದ. ಹೇಳಿದ ಅವಧಿ ಮೀರಿಹೋದರೆ ಮೊದಲ ಕೈಯನ್ನೂ ಉಜ್ಜಿಯೇ ಮುಂದುವರಿಯಬೇಕು. ನೋಡಿ, ಮತ್ತೆ ಉಜ್ಜುವುದಕ್ಕೇ ಬಂದೆ.

ಇದಕ್ಕೆಲ್ಲ ಇಷ್ಟು ಕಾವು ಯಾಕೆ ಎಂದು ಮನೆಯವರೂ ಕೇಳುತ್ತಾರೆ. ನಿಜವಾದ ಕಾರಣ ನಮ್ಮ ಚಿಕ್ಕಪ್ಪ. ಅವರು ವಾಹನಗಳಿಗೆ ಬಣ್ಣ ಹೊಡೆಯುತ್ತಿದ್ದರು. ಹಾರ್ಡನರ್ ಬೆರೆಸಿದ ಬಣ್ಣವನ್ನು ಮುಚ್ಚಿದ ಶೆಡ್ಡಿನಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ವರ್ಷಾನುಗಟ್ಟಲೆ ಹೊಡೆದರು. ಆ ಹಾರ್ಡನರಿನಲ್ಲಿರುವ ಐಸೊಸೈನೇಟ್ ಉಸಿರಿನ ವೈರಿ. ದೇಹ ಒಮ್ಮೆ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ ಆಮೇಲೆ ತೀರಾ ಸ್ವಲ್ಪವೇ ಸಾಕು, ಎದೆ ಬಿಗಿಯುತ್ತದೆ. ಕೊನೆಕೊನೆಗೆ ಚಿಕ್ಕಪ್ಪ ಹೊಸದಾಗಿ ಬಣ್ಣ ಹೊಡೆದ ಗಾಡಿಯ ಪಕ್ಕ ನಿಲ್ಲಲೂ ಆಗದೆ ಕೆಲಸ ಬಿಟ್ಟರು. ಕೈಯಲ್ಲಿ ಅಷ್ಟು ಕಸುಬಿದ್ದ ಮನುಷ್ಯ. ರೋಲರಿನಲ್ಲಿ ಸ್ಪ್ರೇಯಷ್ಟು ಹನಿ ಗಾಳಿಗೆ ಹಾರುವುದಿಲ್ಲ, ನಿಜ. ಆದರೂ ಆವಿ ಇದ್ದೇ ಇದೆ. ಝೈಲೀನ್‌ನಂಥ ದ್ರಾವಕಗಳ ಘಾಟು ಬೇರೆ, ಅದಕ್ಕೆ ಬೆಂಕಿಯೂ ಬೇಗ ಹತ್ತುತ್ತದೆ. ವಿಡಿಯೋದಲ್ಲಿ ಶೆಡ್ಡಿನ ಬಾಗಿಲು ಮುಚ್ಚಿತ್ತು, ಮುಖ ಬರಿದಾಗಿತ್ತು, ಕೈಗವಸೂ ಇರಲಿಲ್ಲ. ಪಕ್ಕದಲ್ಲಿ ಒಂದು ಮಗು ನಿಂತು ನೋಡುತ್ತಿತ್ತು. ಆ ದೃಶ್ಯ ಕಂಡಾಗ ನನ್ನ ಕೈ ನಡುಗಿತು. ಬಾಗಿಲು ಕಿಟಕಿ ತೆರೆದಿಡಿ. ಸಾವಯವ ಆವಿ, ಅಂದರೆ ಇಂಥ ದ್ರಾವಕಗಳ ಆವಿ, ತಡೆಯುವ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ (ಉಸಿರಾಟದ ಮುಖವಾಡ) ಹಾಕಿ. ಬಟ್ಟೆಯ ಮಾಸ್ಕ್ ಧೂಳಿಗೂ ಸಾಲದು, ಆವಿಗಂತೂ ಪ್ರಯೋಜನವೇ ಇಲ್ಲ. ಉಬ್ಬಸ ಇರುವವರು ಈ ಕೆಲಸದ ಹತ್ತಿರವೂ ಸುಳಿಯಬೇಡಿ, ಮಕ್ಕಳನ್ನು ದೂರವಿಡಿ.

ಟೇಪ್ ಅಂಟಿಸುವಾಗ ಬಾಗಿಲುಗಳ ತಳದ ಸಣ್ಣ ತೂತುಗಳನ್ನು ಮರೆಯಬೇಡಿ. ಒಳಗೆ ಇಳಿದ ಮಳೆನೀರು ಹೊರಹೋಗುವುದು ಅಲ್ಲಿಂದಲೇ. ಅವು ಲೇಪನದಿಂದ ಮುಚ್ಚಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಬಂಪರಿನ ಪಾರ್ಕಿಂಗ್ ಸೆನ್ಸರ್‌ಗಳ ಮೇಲೂ ಬಳಿಯಬೇಡಿ. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಇದು ಅದಕ್ಕಿಂತ ಎಷ್ಟೋ ದಪ್ಪ. ಬಾಗಿಲಿನ ಸಂದುಗಳಲ್ಲಿ ಮೆತ್ತಿದರೆ ಬಾಗಿಲು ಉಜ್ಜಿಕೊಂಡು ಮುಚ್ಚುತ್ತದೆ. ಎರಡನೇ ಕೈ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ಕಿತ್ತುಬಿಡಿ. ತಡಮಾಡಿದರೆ ಅಂಚೂ ಅದರ ಜೊತೆಗೇ ಹರಿದು ಬರುತ್ತದೆ.

ಇಷ್ಟು ಹೇಳಿದರೂ ನನ್ನ ಮಾತು ಅತಿಯಾಯಿತು ಎನ್ನಿಸಿದರೆ ಒಂದು ಪರೀಕ್ಷೆ ಮಾಡಿ. ಇಡೀ ಗಾಡಿಗೆ ಕೈಹಾಕುವ ಮೊದಲು, ಯಾರಿಗೂ ಕಾಣದ ಕಡೆ ಎರಡು ಗೇಣು ಜಾಗ ಆರಿಸಿಕೊಳ್ಳಿ. ಅರ್ಧವನ್ನು ಸರಿಯಾಗಿ ತೊಳೆದು ಉಜ್ಜಿ, ಇನ್ನರ್ಧವನ್ನು ವಿಡಿಯೋದಲ್ಲಿದ್ದಂತೆ ಬರೀ ಒರೆಸಿ. ಎರಡಕ್ಕೂ ಒಂದೇ ಡಬ್ಬಿಯಿಂದ ಬಳಿದು, ಪೂರ್ತಿ ಗಟ್ಟಿಯಾಗಲು ಬಿಡಿ. ಆಮೇಲೆ ಬ್ಲೇಡಿನಿಂದ ಅಡ್ಡ ಉದ್ದ ಗೀರಿ ಚೌಕಗಳನ್ನು ಮಾಡಿ, ಗಟ್ಟಿ ಟೇಪ್ ಒತ್ತಿ ಹಚ್ಚಿ, ಜಗ್ಗಿ ಕೀಳಿ. ಯಾವ ಅರ್ಧದ ಚೌಕಗಳು ಟೇಪಿನ ಜೊತೆ ಎದ್ದು ಬರುತ್ತವೆ ಎಂಬುದನ್ನು ನೋಡಿಕೊಂಡು ಉಳಿದ ಗಾಡಿಗೆ ಕೈಹಾಕಿ.