ಅಪ್‌ಡೇಟ್ ಆಫ್ ಮಾಡ್ಲಿಕ್ಕೆ ನಿಮಗೆ ಹೇಳಿದ್ದು ಯಾರು?

ಲ್ಯಾಪ್‌ಟಾಪ್ ಸ್ಲೋ ಆಯ್ತು ಅಂತ ರಿಪೇರಿಗೆ ಕೊಟ್ಟರೆ ಮಂಗಳೂರಿನ ಹಂಪನಕಟ್ಟೆಯಿಂದ ಉಡುಪಿಯ ಕಲ್ಸಂಕದವರೆಗೆ ಎಷ್ಟೋ ಅಂಗಡಿಗಳಲ್ಲಿ ಒಂದೇ ಮದ್ದು. ಫಾರ್ಮ್ಯಾಟ್ ಹೊಡೆದು, ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿ, ವಾಪಸ್ ಕೊಡುವಾಗ ದೊಡ್ಡ ಉಪಕಾರ ಮಾಡಿದವರ ಹಾಗೆ ಒಂದು ಮಾತು: "ಅಪ್‌ಡೇಟ್ ಎಲ್ಲ ಆಫ್ ಮಾಡಿದ್ದೇನೆ ಅಣ್ಣ, ಇನ್ನು ಸ್ಲೋ ಆಗ್ಲಿಕ್ಕಿಲ್ಲ." ಕೆಲವರು ಅಷ್ಟನ್ನೂ ಹೇಳುವುದಿಲ್ಲ. ಮರುದಿನದಿಂದ ಮನೆಯವರು ಅದೇ ಸಿಸ್ಟಮ್‌ನಲ್ಲಿ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಹೊಡೆಯುತ್ತಾರೆ, ಗಲ್ಫ್‌ನಲ್ಲಿರುವ ಮಗ ಕಳಿಸಿದ ದುಡ್ಡನ್ನು ಎಫ್‌ಡಿ ಮಾಡುತ್ತಾರೆ, ಮಗಳ ಸಿಇಟಿ ಅರ್ಜಿ ತುಂಬುತ್ತಾರೆ. ಆ ಮನೆಯವರಿಗೆ ಎಂತ ಆಗಿದೆ ಅಂತ ಗೊತ್ತೇ ಇಲ್ಲ. ಸಿಟ್ಟು ಬರುವುದು ಇದಕ್ಕೇ.

ಬ್ರೌಸರ್ ಅಪ್‌ಡೇಟ್ ಅಂದರೆ ಐಕಾನ್ ಬದಲಾಗುವುದಲ್ಲ ಮಾರಾಯ್ರೆ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಎಂಬ ಬಗೆಯ ಚಿತ್ರಗಳನ್ನು ಬಿಡಿಸಿ ತೋರಿಸಲಿಕ್ಕೆ ಬ್ರೌಸರ್‌ಗಳು ಬಳಸುವ ಸಿದ್ಧ ಕೋಡ್‌ನಲ್ಲೇ (ಲೈಬ್ರರಿ) ತೂತು, ಅಂದರೆ ಕಳ್ಳರು ನುಗ್ಗಬಹುದಾದ ದೋಷ, ಸಿಕ್ಕಿತು. ಬೇಕೆಂದೇ ಕೆಡಿಸಿದ ಒಂದು ಚಿತ್ರ ಇದ್ದ ಪುಟ ತೆರೆದರೆ ಸಾಕಿತ್ತು, ಮೆಮೊರಿಯಲ್ಲಿ ಅದಕ್ಕೆ ಕೊಟ್ಟ ಜಾಗ ದಾಟಿ ಆಚೆ ಬರೆಯುತ್ತಿತ್ತು, ಕಳ್ಳನ ಕೋಡ್ ಓಡಲಿಕ್ಕೆ ಅದೇ ದಾರಿ. ಎಲ್ಲಿಯೂ ಕ್ಲಿಕ್ ಮಾಡುವುದು ಬೇಡ, ಏನೂ ಡೌನ್‌ಲೋಡ್ ಮಾಡುವುದು ಬೇಡ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಎಲ್ಲವೂ ತುರ್ತಾಗಿ ಅಪ್‌ಡೇಟ್ ಬಿಟ್ಟವು. 2024ರ ಮೇ ಒಂದೇ ತಿಂಗಳಲ್ಲಿ ಕ್ರೋಮ್ ಇಂಥ ನಾಲ್ಕು ತೂತುಗಳನ್ನು ಮುಚ್ಚಿತು. ನಾಲ್ಕನ್ನೂ ಕಳ್ಳರು ಆಗಲೇ ಬಳಸುತ್ತಿದ್ದರು. ಅದರಲ್ಲಿ ಮೂರು, ವೆಬ್ ಪುಟದೊಳಗಿನ ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ಕ್ರೋಮ್‌ನ ವಿ8 ಎಂಜಿನ್‌ನವು.

ಇನ್ನೊಂದು ವಿಷಯ ಈ ಅಂಗಡಿಯವರ ತಲೆಗೆ ಹೋಗುವುದೇ ಇಲ್ಲ. ಕ್ರೋಮ್‌ನ ಬುಡದಲ್ಲಿರುವ ಕ್ರೋಮಿಯಂ ಕೋಡ್ ಎಲ್ಲರಿಗೂ ತೆರೆದಿದೆ. ಯಾವ ಸಾಲು ತಿದ್ದಿದ್ದಾರೆ ಅಂತ ನೋಡಿದರೆ ಹಳೆಯದರಲ್ಲಿ ತೂತು ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಅಂದರೆ ಅಪ್‌ಡೇಟ್ ಬಂದ ದಿನದಿಂದ ಅಪ್‌ಡೇಟ್ ಆಗದ ಸಿಸ್ಟಮ್‌ಗೆ ಅಪಾಯ ಮೊದಲಿಗಿಂತ ಜಾಸ್ತಿ. ತಿದ್ದಿದ ಕೋಡ್ ಎಲ್ಲರಿಗೂ ಕಾಣುವುದಕ್ಕೂ ಅಪ್‌ಡೇಟ್ ನಿಮಗೆ ತಲುಪುವುದಕ್ಕೂ ನಡುವಿನ ಅಂತರ ಕಡಿಮೆ ಮಾಡಲಿಕ್ಕೆಂದೇ 2023ರ ಆಗಸ್ಟ್‌ನಿಂದ ಕ್ರೋಮ್ ವಾರ ವಾರ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಿದೆ. ಕ್ರೋಮ್‌ನವರು ವಾರಕ್ಕೊಮ್ಮೆ ಮುಚ್ಚುವುದನ್ನು ಅಂಗಡಿಯವರೇ, ನೀವು ವರ್ಷಗಟ್ಟಲೆ ತೆರೆದಿಡುತ್ತೀರಿ.

ಬ್ರೌಸರ್‌ನಲ್ಲಿ ತೂತು ಸಿಕ್ಕಿದರೂ ಸ್ಯಾಂಡ್‌ಬಾಕ್ಸ್ ಎಂಬ ಬೇಲಿ ಇರುತ್ತದೆ, ಕಳ್ಳನ ಕೋಡ್ ಅದರೊಳಗೇ ಸಿಕ್ಕಿಬೀಳುತ್ತದೆ. ಬೇಲಿ ಹಾರಬೇಕಾದರೆ ಅವನಿಗೆ ಸಾಮಾನ್ಯವಾಗಿ ಇನ್ನೊಂದು ತೂತು ಬೇಕು, ಎಷ್ಟೋ ಸಲ ಅದು ವಿಂಡೋಸ್‌ನದ್ದೇ. ನೀವು ಕ್ರೋಮ್‌ನದ್ದೂ ವಿಂಡೋಸ್‌ನದ್ದೂ ಎರಡೂ ಅಪ್‌ಡೇಟ್ ನಿಲ್ಲಿಸಿದಿರಿ. ಕ್ರ್ಯಾಕ್ ಹಾಕುವಾಗ ಅಡ್ಡ ಬರುತ್ತದೆ ಅಂತ ವಿಂಡೋಸ್‌ನದ್ದೇ ಆ್ಯಂಟಿವೈರಸ್ ಆದ ಡಿಫೆಂಡರ್ ಕೂಡ ಆಫ್. ಇನ್ನು ಉಳಿದದ್ದು ಎಂತ?

ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟವರೇ, ನಿಮ್ಮ ಸಿಸ್ಟಮ್‌ನಲ್ಲಿ ಹೀಗಾಗಿದೆಯಾ ಅಂತ ಈಗಲೇ ನೋಡಿ. ಕ್ರೋಮ್‌ನ ಬಲಬದಿ ಮೇಲೆ ಮೂರು ಚುಕ್ಕೆ, ಹೆಲ್ಪ್, ಅಬೌಟ್ ಗೂಗಲ್ ಕ್ರೋಮ್. ಅದನ್ನು ತೆರೆದ ಕೂಡಲೇ ತಾನಾಗಿಯೇ ಹುಡುಕಿ, ಹೊಸದು ಇದ್ದರೆ ಡೌನ್‌ಲೋಡ್ ಶುರು ಮಾಡಬೇಕು. ಅದರ ಬದಲು ಎರರ್ ಬಂದರೆ, ಅಥವಾ ಅಡ್ಮಿನಿಸ್ಟ್ರೇಟರ್ ಅಪ್‌ಡೇಟ್ ನಿಲ್ಲಿಸಿದ್ದಾರೆ ಅಂತ ಕಂಡರೆ, ಯಾರೋ ಕೈ ಹಾಕಿರಬಹುದು ಅಂತ ತಿಳಿಯಿರಿ. ಮನೆಯ ಲ್ಯಾಪ್‌ಟಾಪ್‌ಗೆ ಯಾವ ಅಡ್ಮಿನಿಸ್ಟ್ರೇಟರ್? ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸರ್ವಿಸಸ್ ಡಾಟ್ ಎಂಎಸ್‌ಸಿ (services.msc) ಅಂತ ಇಂಗ್ಲಿಷಿನಲ್ಲಿ ಹೊಡೆಯಿರಿ. ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳ ಪಟ್ಟಿ ಬರುತ್ತದೆ, ಅದರಲ್ಲಿ ಗೂಗಲ್ ಅಪ್‌ಡೇಟರ್ ಹೆಸರಿನವು, ಕೆಳಗೆ ವಿಂಡೋಸ್ ಅಪ್‌ಡೇಟ್. ಡಿಸೇಬಲ್ಡ್ ಅಂತ ಇದ್ದರೆ ಡಬಲ್ ಕ್ಲಿಕ್ ಮಾಡಿ ಗೂಗಲ್‌ನದ್ದನ್ನು ಆಟೋಮ್ಯಾಟಿಕ್, ವಿಂಡೋಸ್‌ನದ್ದನ್ನು ಮ್ಯಾನುಯಲ್ ಮಾಡಿ. ಮ್ಯಾನುಯಲ್ ಅಂದರೆ ಬೇಕಾದಾಗ ವಿಂಡೋಸ್ ತಾನೇ ಎಬ್ಬಿಸಿಕೊಳ್ಳುತ್ತದೆ, ಹೆದರುವುದು ಬೇಡ.

ಡೌನ್‌ಲೋಡ್ ಆದರೆ ಸಾಲದು, ರೀಲಾಂಚ್ ಒತ್ತಬೇಕು. ಲ್ಯಾಪ್‌ಟಾಪ್ ಮುಚ್ಚಳ ಹಾಕಿ ತೆಗೆದು ತಿಂಗಳುಗಟ್ಟಲೆ ಒಂದೇ ಕ್ರೋಮ್ ಓಡಿಸುವವರಲ್ಲಿ ಹೊಸ ವರ್ಷನ್ ಬಂದು ಕೂತಿರುತ್ತದೆ, ಓಡುತ್ತಿರುವುದು ಹಳೆಯದೇ. ಕ್ರೋಮ್‌ನ ಬಲಬದಿ ಮೇಲಿನ ಮೂಲೆಯ ಬಣ್ಣ ನೋಡಿ: ಹಸಿರು ಅಂದರೆ ಅಪ್‌ಡೇಟ್ ಬಂದು ಎರಡು ದಿನದೊಳಗೆ, ಕಿತ್ತಳೆ ಅಂದರೆ ಸುಮಾರು ನಾಲ್ಕು ದಿನ, ಕೆಂಪು ಅಂದರೆ ವಾರವೇ ಕಳೆದಿದೆ. ತೆರೆದಿಟ್ಟ ಟ್ಯಾಬ್‌ಗಳು ಮತ್ತೆ ಬರುತ್ತವೆ, ಇನ್‌ಕಾಗ್ನಿಟೊ ಕಿಟಕಿಗಳು ಮಾತ್ರ ಹೋಗುತ್ತವೆ. ಅರ್ಧ ತುಂಬಿದ ಅರ್ಜಿ ಇದ್ದರೆ ಮುಗಿಸಿ ಒತ್ತಿ.

"ಸ್ಲೋ ಆಗ್ತದೆ" ಅನ್ನುವುದು ಸುಳ್ಳಲ್ಲ, ಆದರೆ ಅಸಲಿ ಕಾರಣ ಅಪ್‌ಡೇಟ್ ಅಲ್ಲ, ಹಳೆ ಹಾರ್ಡ್‌ವೇರ್. 4 ಜಿಬಿ ರ‍್ಯಾಮ್, ತಿರುಗುವ ಹಳೆ ಹಾರ್ಡ್ ಡಿಸ್ಕ್ ಇರುವಲ್ಲಿ ಅಪ್‌ಡೇಟ್ ಓದಿ ಬರೆಯುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ತೋರಿಸುತ್ತದೆ. 256 ಜಿಬಿ ಎಸ್‌ಎಸ್‌ಡಿ (ತಿರುಗದ, ವೇಗದ ಡಿಸ್ಕ್) ಹಾಕಿ, ರ‍್ಯಾಮ್ 8 ಮಾಡಿದರೆ ಆ ಗೋಳು ಹೋಗುತ್ತದೆ. ಅದನ್ನು ಹೇಳಬೇಕಾದದ್ದು ರಿಪೇರಿಯವರೇ. ಕೆಲಸದ ನಡುವೆ ರೀಸ್ಟಾರ್ಟ್ ಆಗಬಾರದಾ? ವಿಂಡೋಸ್ ಅಪ್‌ಡೇಟ್ ಸೆಟ್ಟಿಂಗ್‌ನಲ್ಲಿ ರೀಸ್ಟಾರ್ಟ್ ಆಗಬಾರದ ಹೊತ್ತನ್ನು (ಆಕ್ಟಿವ್ ಅವರ್ಸ್) 18 ಗಂಟೆವರೆಗೆ ಇಡಬಹುದು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಡೇಟಾ ಖಾಲಿಯಾಗುತ್ತದಾ? ವೈಫೈ ಸೆಟ್ಟಿಂಗ್‌ನಲ್ಲಿ ಆ ಹಾಟ್‌ಸ್ಪಾಟನ್ನು ಮೀಟರ್ಡ್ (ಡೇಟಾ ಮಿತಿ ಇರುವುದು) ಅಂತ ಮಾಡಿ, ಮನೆಗೆ ಬಂದು ಬ್ರಾಡ್‌ಬ್ಯಾಂಡ್‌ನಲ್ಲಿ ಇಳಿಸಿಕೊಳ್ಳಿ. ಎಲ್ಲದಕ್ಕೂ ದಾರಿ ಉಂಟು.

ತಾಲೂಕು ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿಗಳದ್ದು ಬೇರೆಯೇ ಕಥೆ. ಊರಿನವರ ಆಧಾರ್, ಪಹಣಿ, ಆದಾಯ ಪ್ರಮಾಣಪತ್ರ ಎಲ್ಲ ಹೋಗುವುದು ಆ ಒಂದು ಸಿಸ್ಟಮ್ ಮೂಲಕ, ಅದರಲ್ಲಿ ಇನ್ನೂ ವಿಂಡೋಸ್ 7! ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟದ್ದು 2020ರ ಜನವರಿ 14ಕ್ಕೆ. ಕ್ರೋಮ್ ಅದರಲ್ಲಿ 109ನೇ ವರ್ಷನ್‌ಗೇ ನಿಂತಿದೆ, ಅದು 2023ರ ಜನವರಿಯದ್ದು. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ಕೂಡ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆ ಸೈಟ್‌ಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬೇಕು ಅನ್ನುವ ನೆಪವೂ ನಡೆಯುವುದಿಲ್ಲ, ಎಡ್ಜ್‌ನಲ್ಲೇ ಎಕ್ಸ್‌ಪ್ಲೋರರ್‌ನ ಹಾಗೆ ಓಡಿಸುವ ಐಇ ಮೋಡ್ ಉಂಟು. ರೀಸ್ಟಾರ್ಟ್ ಮಾಡಿದರೆ ಮೊದಲಿನ ಹಾಗೆ ಆಗುವ ಫ್ರೀಜ್ ಸಾಫ್ಟ್‌ವೇರ್ ಹಾಕಿದವರು ಇನ್ನೊಂದು ಗಮನಿಸಿ: ಅದು ವೈರಸ್ ಜೊತೆ ಅಪ್‌ಡೇಟನ್ನೂ ಅಳಿಸುತ್ತದೆ. ವಾರಕ್ಕೊಮ್ಮೆ ಅಂಗಡಿ ಮುಚ್ಚುವ ಮೊದಲು ಫ್ರೀಜ್ ತೆಗೆದು, ವಿಂಡೋಸ್, ಬ್ರೌಸರ್ ಎರಡೂ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಆದ ಮೇಲೆ ಮತ್ತೆ ಫ್ರೀಜ್ ಮಾಡಿ.

ಅಸಲಿ ಅಪ್‌ಡೇಟ್ ಹೇಗಿರುತ್ತದೆ ಅಂತ ನೋಡಿಯೇ ಇಲ್ಲದವರು ನಕಲಿಗೆ ಬೀಳುತ್ತಾರೆ. ವೆಬ್ ಪುಟದ ಒಳಗೆ "ನಿಮ್ಮ ಕ್ರೋಮ್ ಹಳೆಯದಾಗಿದೆ" ಅಂತ ಬಂದು ಫೈಲ್ ಕೊಟ್ಟರೆ ಅದು ಮೋಸ. ಫೋನಿನಲ್ಲಿ ಪ್ಲೇ ಸ್ಟೋರ್ ಬಿಟ್ಟು ವಾಟ್ಸಾಪ್‌ನಲ್ಲಿ ಬಂದ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಮುಟ್ಟಬೇಡಿ. ಪ್ಲೇ ಸ್ಟೋರ್‌ನಲ್ಲಿ ಕ್ರೋಮ್ ಜೊತೆ ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಅನ್ನುವುದನ್ನೂ ಅಪ್‌ಡೇಟ್ ಮಾಡಿ, ಬೇರೆ ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವುದು ಅದೇ.

ರಿಪೇರಿ ಅಂಗಡಿಯವರು ಬಿಲ್ಲಿನಲ್ಲೇ ಬರೆದುಕೊಡಲಿ: ಹಾಕಿದ ವಿಂಡೋಸ್ ಯಾವುದು, ಲೈಸೆನ್ಸ್ ಅಸಲಿಯಾ, ಯಾವ ಸರ್ವಿಸ್ ಆಫ್ ಮಾಡಿದ್ದು, ಡಿಫೆಂಡರ್ ಆನ್ ಉಂಟಾ. ಕೇಳದೆ ಆಫ್ ಮಾಡಿದ್ದರೆ, ದುಡ್ಡು ಕೊಡುವ ಮೊದಲು ಅದೇ ಕೌಂಟರ್‌ನಲ್ಲಿ ನಿಮ್ಮ ಎದುರೇ ಆನ್ ಮಾಡಿಸಿ.