ಟ್ರ್ಯಾಕ್ ಮೆತ್ತಗಿರೋದು ಬೇರೆ, ಒಂದು ಕಡೆ ವಾಲಿರೋದು ಬೇರೆ

ಪುಣೆಯ ಕುದುರೆ ರೇಸ್ ಸೀಸನ್ ಶುರುವಾದರೆ ಸಾಕು, ಮುಂಬೈಯ ನಮ್ಮ ಕನ್ನಡದ ರೇಸ್ ಗುಂಪುಗಳಲ್ಲಿ ಒಂದೇ ಮಂತ್ರ: "ಮಳೆ ಬಂದಿದೆ, ಹೊರಗಿಂದ ಬರೋ ಕುದುರೆ ಹಿಡೀರಿ ಮಾರಾಯ್ರೆ." ಈ ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ನೆಲ ಇವತ್ತು ಎಷ್ಟು ನಿಧಾನ ಅನ್ನೋದು ಒಂದು. ನೆಲದ ಯಾವ ಪಟ್ಟಿ ಉಳಿದ ಪಟ್ಟಿಗಿಂತ ವೇಗ ಅನ್ನೋದು ಇನ್ನೊಂದು. ಇಡೀ ಟ್ರ್ಯಾಕ್ ಒಂದೇ ಸಮ ಕೆಸರಾಗಿದ್ದರೆ ಅಲ್ಲಿ ಬಯಾಸ್, ಅಂದರೆ ಒಂದು ಪಟ್ಟಿಯ ಕಡೆಗಿನ ವಾಲಿಕೆ, ಇಲ್ಲವೇ ಇಲ್ಲ.

ಮೊದಲು ನೆಲ ಎಷ್ಟು ಮೆತ್ತಗಿದೆ ಎಂದು ಅಳೆಯುವ ಪೆನೆಟ್ರೋಮೀಟರ್. ಒಂದು ಕಿಲೋ ತೂಕವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದಾಗ ಸರಳು ನೆಲದೊಳಗೆ ಎಷ್ಟು ಸೆಂಟಿಮೀಟರ್ ಇಳಿಯುತ್ತದೆ ಎಂದು ನೋಡುವುದು ಅದರ ತತ್ವ. ಅಂಕಿ ಹೆಚ್ಚಾದಷ್ಟೂ ನೆಲ ಮೆತ್ತಗೆ; ಇದನ್ನೇ ಉಲ್ಟಾ ಓದುವವರಿದ್ದಾರೆ. ಬೆಳಿಗ್ಗೆಯ ಅಂಕಿ ಬೆಳಿಗ್ಗೆಯದು. ಮಧ್ಯಾಹ್ನ ಎರಡು ಗಂಟೆಗೆ ಒಂದು ಜಡಿಮಳೆ ಹೊಡೆದರೆ ಅದು ರದ್ದಿ. ಮೇಲಾಗಿ ಹಲವು ಕಡೆ ಅಳೆದು ಕೊಡುವ ಸರಾಸರಿ ಅಂಕಿ ಒಳಪಟ್ಟಿ ಹೇಗಿದೆ, ಹೊರಪಟ್ಟಿ ಹೇಗಿದೆ ಎಂದು ಹೇಳುವುದೇ ಇಲ್ಲ.

ಮಳೆ ನಿಂತು ಬಿಸಿಲು ಬಿದ್ದ ಮೇಲೂ ಎಚ್ಚರ ಬೇಕು. ಕಂಬಳದ ಗದ್ದೆ ನೋಡಿದವರಿಗೆ ಹೇಳಬೇಕಿಲ್ಲ: ನೀರು ಜಾಸ್ತಿ ಇರುವ ತೆಳು ಕೆಸರಿನಿಂದ ಕಾಲು ಸಲೀಸಾಗಿ ಬರುತ್ತದೆ, ಅರೆ ಒಣಗಿದ ಅಂಟು ಕೆಸರು ಕಾಲು ಬಿಡುವುದಿಲ್ಲ. ಭಾರ ಹೊತ್ತ ಕುದುರೆ ಕೊನೆಯ 200 ಮೀಟರಿನಲ್ಲಿ ಸೋಲುವುದು ಹೆಚ್ಚಾಗಿ ಈ ಎರಡನೇ ನೆಲದಲ್ಲಿ.

ನೆಲದ ವೇಗಕ್ಕೆ ಗಡಿಯಾರವೇ ಸಾಕ್ಷಿ. ಪ್ರತಿ ದೂರಕ್ಕೂ, ಪ್ರತಿ ಕ್ಲಾಸಿಗೂ (ಕುದುರೆಗಳ ಸಾಮರ್ಥ್ಯದ ದರ್ಜೆಗೂ) ಒಂದು ಸಾಮಾನ್ಯ ಸಮಯವನ್ನು ಹಳೆಯ ಫಲಿತಾಂಶಗಳಿಂದ ತೆಗೆದಿಟ್ಟುಕೊಳ್ಳಿ. ಪುಣೆಗೆ ಬೇರೆ, ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಬೇರೆ. 1200 ಮೀಟರಿಗೆ ನಿಮ್ಮ ಸಾಮಾನ್ಯ ಸಮಯ 1 ನಿಮಿಷ 11 ಸೆಕೆಂಡ್ ಅಂದುಕೊಳ್ಳಿ. ಇವತ್ತು 1.2 ಸೆಕೆಂಡ್ ಜಾಸ್ತಿ ಬಂತು. ಅಂದರೆ 1000 ಮೀಟರಿಗೆ 1 ಸೆಕೆಂಡ್ ನಿಧಾನ. 1600 ಮೀಟರಿನಲ್ಲಿ 1.6 ಜಾಸ್ತಿ ಬಂದರೆ ಲೆಕ್ಕ ಕೂಡಿತು. ಅದೇ ದಿನ 2000 ಮೀಟರಿನಲ್ಲಿ 5 ಸೆಕೆಂಡ್ ಜಾಸ್ತಿ ಬಂದರೆ ಹುಲ್ಲನ್ನು ಬೈಯಬೇಡಿ. ಜಾಕಿಗಳೆಲ್ಲ ಸೇರಿ ಮೊದಲರ್ಧ ನಡೆದಾಡಿದ್ದಾರೆ, ಆ ರೇಸನ್ನು ಬದಿಗಿಡಿ. ಉಳಿದವುಗಳಲ್ಲಿ ಸರಾಸರಿ ಬೇಡ, ನಡುವಿನ ಅಂಕಿ ತೆಗೆದುಕೊಳ್ಳಿ. ಒಂದು ವಿಚಿತ್ರ ರೇಸು ಸರಾಸರಿಯನ್ನು ಕೆಡಿಸುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಫಾಲ್ಸ್ ರೇಲ್ (ಒಳಗಿನ ಹುಲ್ಲು ಉಳಿಸಲು ಹೊರಗೆ ಸರಿಸಿ ಹಾಕುವ ತಾತ್ಕಾಲಿಕ ಬೇಲಿ) ವಿಷಯದಲ್ಲಿ. ರೇಲ್ 7 ಮೀಟರ್ ಹೊರಗೆ ಹಾಕಿದರೆ ಅರ್ಧವೃತ್ತದ ತಿರುವಿನಲ್ಲಿ ದೂರ 7 ಗುಣಿಸು 3.14, ಅಂದರೆ ಸುಮಾರು 22 ಮೀಟರ್ ಹೆಚ್ಚುತ್ತದೆ. ಸ್ಟಾರ್ಟಿಂಗ್ ಗೇಟನ್ನು ಅಷ್ಟೇ ಮುಂದಕ್ಕೆ ತರದಿದ್ದರೆ ಸುಮಾರು 1.3 ಸೆಕೆಂಡ್ ಸುಮ್ಮನೆ ಸೇರಿಕೊಳ್ಳುತ್ತದೆ. ತಿರುವು ಅದರ ಅರ್ಧದಷ್ಟಿದ್ದರೆ ಅರ್ಧ. ಇದನ್ನು ಕಳೆಯದೆ "ಟ್ರ್ಯಾಕ್ ಭಾರಿ ಸ್ಲೋ" ಎಂದು ಪೋಸ್ಟ್ ಹಾಕುವವರು ಪ್ರತಿ ವಾರ ಸಿಗುತ್ತಾರೆ. ಇದೇ ಲೆಕ್ಕದಲ್ಲಿ, ಅರ್ಧವೃತ್ತದುದ್ದಕ್ಕೂ ಒಂದು ಮೀಟರ್ ಹೊರಗೆ ಓಡಿದ ಕುದುರೆ 3 ಮೀಟರಿಗೂ ಹೆಚ್ಚು, ಅಂದರೆ ಒಂದು ಲೆಂಗ್ತ್‌ಗಿಂತ (ಒಂದು ಕುದುರೆಯ ಉದ್ದಕ್ಕಿಂತ) ಜಾಸ್ತಿ, ಕಳೆದುಕೊಂಡಿರುತ್ತದೆ. ಅದು ಬಯಾಸ್ ಅಲ್ಲ, ಬರೀ ಜ್ಯಾಮಿತಿ.

ಇನ್ನು ಬಯಾಸ್. ಏಳು ರೇಸಿನಲ್ಲಿ ನಾಲ್ಕನ್ನು ಮುಂದೆ ಓಡಿದ ಕುದುರೆ ಗೆದ್ದರೆ ಅದೇನೂ ಪುರಾವೆಯಲ್ಲ. ಗಟ್ಟಿ ನೆಲದಲ್ಲಿ ಮುಂದಿನವರು ಹೇಗೂ ಗೆಲ್ಲುತ್ತಾರೆ. ಅವು ಆರಾಮಾಗಿ ಮುಂದೆ ಹೋದವೋ, ಇನ್ನೊಂದು ಕುದುರೆ ಪಕ್ಕದಲ್ಲೇ ಅಂಟಿಕೊಂಡು ದಣಿಸಿದರೂ ನಿಂತವೋ ನೋಡಿ. ಎರಡನೆಯದಾದರೆ, ಅದರಲ್ಲೂ ದೊಡ್ಡ ಭಾವದ (ಗೆಲ್ಲುತ್ತದೆಂದು ಹೆಚ್ಚಿನವರು ನಂಬದ, ಗೆದ್ದರೆ ಜಾಸ್ತಿ ದುಡ್ಡು ಕೊಡುವ) ಕುದುರೆ ರೇಲ್ ಪಕ್ಕ ಹಾಗೆ ನಿಂತಿದ್ದರೆ, ಗಂಭೀರವಾಗಿ ತೆಗೆದುಕೊಳ್ಳಿ. ಆರು ಕುದುರೆಗಳ ರೇಸಿನಿಂದ ಏನೂ ಗೊತ್ತಾಗುವುದಿಲ್ಲ. ಹನ್ನೆರಡು, ಹದಿನಾಲ್ಕು ಓಡಿದಾಗ ಟ್ರ್ಯಾಕಿನ ಅಗಲವೆಲ್ಲ ಪರೀಕ್ಷೆಗೆ ಬೀಳುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಸುಳಿವು ಜಾಕಿಗಳ ಲಗಾಮು. ಮೂರನೇ ರೇಸಿನ ಹೊತ್ತಿಗೆ ಅನುಭವಿಗಳು ಸ್ಟ್ರೈಟ್‌ಗೆ (ಗೆಲುವಿನ ಗೆರೆಗೆ ಮುಂಚಿನ ನೇರ ಹಾದಿಗೆ) ಬಂದ ಕೂಡಲೇ ರೇಲ್ ಬಿಟ್ಟು ನಡುವಿಗೆ ಎಳೆಯುತ್ತಿದ್ದರೆ ಒಳಪಟ್ಟಿ ಕಿತ್ತುಹೋಗಿದೆ ಎಂದೇ ಅರ್ಥ. ಅವತ್ತು ಅದರ ಮೇಲೆ ಓಡಿದವರಿಗಿಂತ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವ ನಮಗೆ ಹೆಚ್ಚು ಗೊತ್ತಿರಲು ಸಾಧ್ಯವಿಲ್ಲ.

ಆದರೆ ಅದೇ ದಿನ ಬಯಾಸ್ ಹಿಂದೆ ಓಡುವುದರಲ್ಲಿ ಲಾಭ ಕಡಿಮೆ. ನಾಲ್ಕನೇ ರೇಸಿನ ಹೊತ್ತಿಗೆ ಬುಕ್ಕಿಗಳಿಗೂ ಅದು ಕಂಡಿರುತ್ತದೆ, ಭಾವ ಇಳಿದಿರುತ್ತದೆ. ದುಡ್ಡು ಇರುವುದು ಮುಂದಿನ ಓಟದಲ್ಲಿ. ಕೆಟ್ಟ ಪಟ್ಟಿಯಲ್ಲಿ ಓಡಿ ಮೂರು ಲೆಂಗ್ತ್‌ನಲ್ಲಿ ಸೋತ ಕುದುರೆಯನ್ನು ಬರೆದಿಟ್ಟುಕೊಳ್ಳಿ. ರೇಸ್ ಪುಸ್ತಕದಲ್ಲಿ ಅದು ಬರೀ "ಐದನೇ ಸ್ಥಾನ" ಎಂದಷ್ಟೇ ಇರುತ್ತದೆ. ಒಳ್ಳೆಯ ಪಟ್ಟಿಯ ಪುಣ್ಯದಿಂದ ಗೆದ್ದದ್ದನ್ನೂ ಬರೆಯಿರಿ, ಮುಂದಿನ ಸಲ ಅದು ಫೇವರಿಟ್ ಆಗಿ ಬರುತ್ತದೆ. ಬರೆಯುವಾಗ ಅವತ್ತಿನ ರೇಲ್ ಎಷ್ಟು ಮೀಟರ್ ಇತ್ತು ಎಂಬುದು ಮರೆಯಬಾರದು. ರೇಲ್ ವಾಪಸ್ ಒಳಗೆ ಹೋದ ದಿನ, ಅಷ್ಟು ವಾರ ಯಾರೂ ತುಳಿಯದ ಹುಲ್ಲಿನ ಪಟ್ಟಿ ತೆರೆದುಕೊಳ್ಳುತ್ತದೆ. ಹೋದ ವಾರದವರೆಗೆ ಶಾಪವಾಗಿದ್ದ ಒಳಗಿನ ಡ್ರಾ (ರೇಲ್ ಪಕ್ಕದ ಗೇಟಿನ ಸ್ಥಾನ) ಅವತ್ತು ವರವಾಗಬಹುದು, ಹಳೆಯ ಟಿಪ್ಪಣಿ ಹಿಡಿದುಕೊಂಡವರು ಆಗಲೂ ಹೊರಗಿನ ಕುದುರೆಗೇ ದುಡ್ಡು ಸುರಿಯುತ್ತಿರುತ್ತಾರೆ.